ಪದಚರ್ಚೆ: ಮೃದ್ವಸ್ಥಿ ಸವೆಯುವುದಕ್ಕೂ ಮೊದಲಿನ ಸ್ಥಿತಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಂಡಿನೋವಿನ ಬಗ್ಗೆ ನಮ್ಮ ಶಿವಮೊಗ್ಗ ಕಡೆಯ ಓದುಗರಿಗಾಗಿ ಒಂದು ಬರಹ ಮಾಡುತ್ತಿದ್ದೇನೆ. ಅದರಲ್ಲಿ ಡಿಜೆಮ್ರಿಕ್ (ಡಿಲೇಡ್ ಗ್ಯಾಡೊಲಿನಿಯಂ-ಎನ್ಹಾನ್ಸ್ಡ್ ಎಂಆರ್‌ಐ ಆಫ್ ಕಾರ್ಟಿಲೇಜ್) ಎಂಬ ಎಂಆರ್‌ಐ ವಿಧಾನದ ವಿವರಣೆ ಬರುತ್ತದೆ, ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ಮೊದಲು ವಿಷಯ ಹೇಳುತ್ತೇನೆ. ಕೀಲಿನಲ್ಲಿ ಮೂಳೆಯ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯಲ್ಲಿ (ಕಾರ್ಟಿಲೇಜ್) ಹೆಚ್ಚಿನ ಪಾಲು ನೀರು. ಆ ನೀರನ್ನು ಹಿಡಿದಿಡಲು ಗ್ಲೈಕೋಸಮಿನೋಗ್ಲೈಕಾನ್ ಎಂಬ ಸಕ್ಕರೆಯ ಸರಪಳಿಗಳಿವೆ, ಅವಕ್ಕೆ ಋಣ ಆವೇಶ. ಈ ಪರೀಕ್ಷೆಗೆ, ಚಿತ್ರದಲ್ಲಿ ವ್ಯತ್ಯಾಸ ಎದ್ದು ಕಾಣಲೆಂದು ರಕ್ತನಾಳಕ್ಕೆ ಕೊಡುವ ಗ್ಯಾಡೊಲಿನಿಯಂ ಕಾಂಟ್ರಾಸ್ಟ್‌ಗೂ ಋಣ ಆವೇಶವೇ. ಒಂದೇ ಬಗೆಯ ಆವೇಶಗಳು ಒಂದನ್ನೊಂದು ದೂರ ತಳ್ಳುತ್ತವೆ, ಹಾಗಾಗಿ ಸರಪಳಿಗಳು ದಟ್ಟವಾಗಿರುವ ಕಡೆ ಅದು ಒಳಗೆ ಹೋಗುವುದು ಕಮ್ಮಿ, ಸರಪಳಿಗಳು ಕಳೆದುಹೋದ ಕಡೆ ಜಾಸ್ತಿ. ಅದು ಸೇರಿದ ಜಾಗದಲ್ಲಿ ಟಿ1 ಎಂಬ ಸಮಯ (ಯಂತ್ರದ ರೇಡಿಯೋ ತರಂಗ ತಟ್ಟಿದ ಮೇಲೆ ಅಂಗಾಂಶ ಮೊದಲಿನ ಸ್ಥಿತಿಗೆ ಎಷ್ಟು ಬೇಗ ಮರಳುತ್ತದೆ ಎಂದು ತಿಳಿಸುವ ಅಳತೆ) ಕುಗ್ಗುತ್ತದೆ, ಅದನ್ನೇ ಅಳೆದು ನಕ್ಷೆ ಮಾಡುತ್ತಾರೆ. ಸಂಶೋಧಕರು ಇದನ್ನು 1990ರ ದಶಕದಲ್ಲಿ ರೂಪಿಸಿದರು, ಈಗಲೂ ಹೆಚ್ಚಾಗಿ ಸಂಶೋಧನೆಯಲ್ಲೇ ಬಳಕೆ.

ನನ್ನ ಮುಖ್ಯ ತೊಡಕು 'ಸವೆತ'. ತೀರ್ಥಹಳ್ಳಿ ಕಡೆ ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಕೂತು ಅಡಿಕೆ ಸುಲಿಯುವವರನ್ನು ಕೇಳಿ, 'ಮಂಡಿ ಸವೆದಿದೆ' ಅಂತಾರೆ, ಇಲ್ಲವೇ 'ಎಣ್ಣೆ ಆರಿದೆ' ಅಂತಾರೆ. ಸವೆತ ಅಂದರೆ ದಪ್ಪ ಕಮ್ಮಿಯಾಗುವುದು, ಅಲ್ವಾ? ಎಕ್ಸ್‌ರೇಯಲ್ಲಿ ಮೂಳೆಗಳ ನಡುವಿನ ಸಂದು ಕಿರಿದಾಗಿ ಕಾಣುವ ಹಂತಕ್ಕೆ ಅದು ಸರಿಯಾದ ಮಾತು. ಆದರೆ ಈ ಪರೀಕ್ಷೆ ಹುಡುಕುವುದು ಅದಕ್ಕೂ ಮುಂಚಿನದನ್ನು: ದಪ್ಪ ಹಾಗೇ ಇದೆ, ಒಳಗಿನ ಸತ್ವ ಹೋಗುತ್ತಿದೆ. ಮೃದ್ವಸ್ಥಿಯಲ್ಲಿ ನರಗಳೇ ಇಲ್ಲದ ಕಾರಣ ಆಗ ನೋವೂ ಗೊತ್ತಾಗದೆ ಇರಬಹುದು. ಎರಡಕ್ಕೂ 'ಸವೆತ' ಎಂದು ಬರೆದುಬಿಟ್ಟರೆ ಪರೀಕ್ಷೆ ಯಾಕೆ ಬೇಕು ಎನ್ನುವುದೇ ಓದುವವರಿಗೆ ತಿಳಿಯುವುದಿಲ್ಲ. 'ಜೊಳ್ಳಾಗಿದೆ' ಎಂಬ ಪದ ಹೊಳೆಯಿತು, ಆದರೆ ಜೊಳ್ಳು ಭತ್ತದಲ್ಲಿ ಒಳಗೆ ಏನೂ ಇರುವುದಿಲ್ಲ, ಸುಮ್ನೆ ಹೆದರಿಸಿದಂತಾಗುತ್ತದೆ. ನನಗೆ 'ಸೊರಗಿದೆ' ಹಿಡಿಸಿದೆ. ಸೊರಗಿದ್ದು ಇನ್ನೂ ನಿಂತಿದೆ, ಸೋತಿದೆ, ಆ ಎರಡೂ ಅರ್ಥ ಅದರಲ್ಲಿವೆ.

ಇನ್ನೊಂದು, ಹೆಸರಿನಲ್ಲೇ ಇರುವ 'ಡಿಲೇಡ್'. ಮೃದ್ವಸ್ಥಿಗೆ ರಕ್ತನಾಳ ಇಲ್ಲ, ಕಾಂಟ್ರಾಸ್ಟ್ ಮೆಲ್ಲಗೆ ಇಳಿದು ಸೇರಬೇಕು. ಅದಕ್ಕೇ ಇಂಜೆಕ್ಷನ್ ಆದ ಮೇಲೆ ಸ್ವಲ್ಪ ಹೊತ್ತು ನಡೆಸಿ, ಮಂಡಿಗಾದರೆ ಸುಮಾರು ಒಂದೂವರೆ ಎರಡು ಗಂಟೆ ಬಿಟ್ಟು ಚಿತ್ರ ತೆಗೆಯುತ್ತಾರೆ. 'ತಡವಾದ' ಎಂದರೆ ಆಸ್ಪತ್ರೆಯವರ ತಪ್ಪು ಅನ್ನಿಸುತ್ತದೆ. 'ಸ್ವಲ್ಪ ತಡೀರಿ' ಎಂಬ ಮಾತಿನ 'ತಡೆದು' ಚೆನ್ನಾಗಿದೆ, ಆದರೆ ಅಡ್ಡ ಹಾಕಿದ ಅರ್ಥವೂ ಬರುತ್ತದೆ. 'ಕಾದು ತೆಗೆದ' ಅಂದರೆ ಬಿಸಿಯ ನೆನಪು.

'ಕಾಂಟ್ರಾಸ್ಟ್' ಹಾಗೇ ಇಡೋಣ ಎನ್ನುವುದು ನನ್ನ ಅಭಿಪ್ರಾಯ. 'ಬಣ್ಣ' ಎಂದರೆ ತಪ್ಪು ಕಲ್ಪನೆ, ಗ್ಯಾಡೊಲಿನಿಯಂ ಒಂದು ಲೋಹ, ಮೂತ್ರಪಿಂಡದ ತೊಂದರೆ ಇರುವವರು ಮೊದಲೇ ವೈದ್ಯರಿಗೆ ತಿಳಿಸಲೇಬೇಕು. 'ಮದ್ದು ಹಾಕಿ ತೆಗೆದ' ಎಂದರಂತೂ ಮಲೆನಾಡಿನಲ್ಲಿ ಬೇರೆಯೇ ಅರ್ಥ ಮಾಡಿಕೊಳ್ಳುತ್ತಾರೆ.

'ಸೊರಗು' ಪದವನ್ನು ಮೈಯ ಒಂದು ಭಾಗಕ್ಕೆ ನಿಮ್ಮ ಕಡೆ ಬಳಸುತ್ತಾರಾ? 'ಡಿಲೇಡ್'ಗೆ ಬೇರೆ ಮಾತಿದ್ದರೆ ಅದನ್ನೂ ತಿಳಿಸಿ.