ಬ್ಯಾಟರಿಗೆ ಚಾರ್ಜ್ ಆಗುತ್ತಿಲ್ಲ, ಹೆಡ್‌ಲೈಟ್ ಬಲ್ಬ್ ಮಾತ್ರ ಮೇಲಿಂದ ಮೇಲೆ ಹೋಗುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನದು ಹನ್ನೊಂದು ವರ್ಷದ ಸ್ಕೂಟರ್. ಕಾರ್ಬ್ಯುರೇಟರ್ ಗಾಡಿ, ಸೆಲ್ಫ್ ಮತ್ತು ಕಿಕ್ ಎರಡೂ ಇದೆ. ಅಪ್ಪ ಓಡಿಸುತ್ತಿದ್ದದ್ದು, ಮಾರುವ ಮನಸ್ಸಿಲ್ಲ. ಸರಿ ಮಾಡಿಕೊಂಡೇ ಓಡಿಸಬೇಕು.

ನಾಲ್ಕು ತಿಂಗಳ ಹಿಂದೆ ಹಾಕಿದ ಹೊಸ ಬ್ಯಾಟರಿ ವಾರ ಕಳೆಯುವುದರೊಳಗೆ ಡೌನ್ ಆಗುತ್ತದೆ. ಸೆಲ್ಫ್ ಒತ್ತಿದರೆ ರಿಲೇ ಟಿಕ್ ಟಿಕ್ ಅನ್ನುತ್ತದೆ ಅಷ್ಟೇ. ಹಾರ್ನ್ ಗಂಟಲು ಕಟ್ಟಿದ ಹಾಗೆ. ಇಂಡಿಕೇಟರ್ ಮಿನುಗುವುದಿಲ್ಲ, ಸುಮ್ನೆ ಮಂಕಾಗಿ ಉರಿದುಕೊಂಡು ನಿಲ್ಲುತ್ತದೆ.

ಇನ್ನೊಂದು ಕಡೆ, ಒಂದೂವರೆ ತಿಂಗಳಲ್ಲಿ ಮೂರು ಹೆಡ್‌ಲೈಟ್ ಬಲ್ಬ್ ಹೋಯಿತು. ಮೂರನೆಯದು ನಿನ್ನೆ ರಾತ್ರಿ. ಖಾಲಿ ರಸ್ತೆ ಅಂತ ಸ್ವಲ್ಪ ಜಾಸ್ತಿ ರೇಸ್ ಕೊಟ್ಟೆ. ಬೆಳಕು ಒಮ್ಮೆ ಬೆಳ್ಳಗೆ ಹೊಳೆದು ಪೂರ್ತಿ ಕತ್ತಲಾಯಿತು. ಹಿಂದೆ ಮಗಳು ಕೂತಿದ್ದಳು. ನಿಜವಾಗಿ ಹೆದರಿಬಿಟ್ಟೆ. ಅವಳು ಮೊಬೈಲ್ ಟಾರ್ಚ್ ಹಿಡಿದಳು, ಮನೆಯವರೆಗೂ ತಳ್ಳಿಕೊಂಡು ಬಂದೆವು.

ಮಲ್ಟಿಮೀಟರ್ ಇದೆ. ಬ್ಯಾಟರಿಯನ್ನು ಹೊರಗೆ ಚಾರ್ಜ್ ಮಾಡಿ ರಾತ್ರಿಯೆಲ್ಲಾ ಬಿಟ್ಟರೆ ಬೆಳಿಗ್ಗೆ 12.7 ವೋಲ್ಟ್. ಗಾಡಿಗೆ ಹಾಕಿ, ಸ್ಟಾರ್ಟ್ ಮಾಡಿ ಎಷ್ಟು ರೇಸ್ ಕೊಟ್ಟರೂ 12.6 ದಾಟುವುದಿಲ್ಲ. ಬ್ಯಾಟರಿಗೆ ಕರೆಂಟ್ ಸಾಲುತ್ತಿಲ್ಲ, ಬಲ್ಬಿಗೆ ಜಾಸ್ತಿಯಾಗುತ್ತಿದೆ. ಒಂದೇ ಗಾಡಿಯಲ್ಲಿ ಎರಡೂ ಹೇಗೆ? ಒಬ್ಬ ಮೆಕ್ಯಾನಿಕ್ ಕಾಯಿಲ್ ಪ್ಲೇಟ್ (ಎಂಜಿನ್ ಪಕ್ಕದಲ್ಲಿ ಕರೆಂಟ್ ಹುಟ್ಟಿಸುವ ಸುರುಳಿಗಳ ಪ್ಲೇಟ್) ಹೋಗಿದೆ ಎಂದರು. ಇನ್ನೊಬ್ಬರು ವೈರಿಂಗ್ ಪೂರ್ತಿ ಬದಲಿಸಿ ಎಂದರು.

ಉತ್ತರ 1

ಫ್ಯೂಸ್ ಮತ್ತು ಬ್ಯಾಟರಿ ಟರ್ಮಿನಲ್ ಮೊದಲು ನೋಡಿ ಸರ್. ಹೆಡ್‌ಲೈಟಿಗೆ ಎಲ್‌ಇಡಿ ಹಾಕಿಬಿಡಿ, ಲೋಡ್ ಕಮ್ಮಿಯಾಗುತ್ತದೆ, ಬ್ಯಾಟರಿ ಉಳಿಯುತ್ತದೆ.

ಉತ್ತರ 2

ಈಗಲೇ ಎಲ್‌ಇಡಿ ಬೇಡ. ಈ ತರಹದ ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಹೆಡ್‌ಲೈಟ್ ಬ್ಯಾಟರಿಯಿಂದ ಉರಿಯುವುದೇ ಇಲ್ಲ. ಎಂಜಿನ್ ಜೊತೆ ತಿರುಗುವ ಮ್ಯಾಗ್ನೆಟ್ ಒಳಗಿನ ಲೈಟಿಂಗ್ ಕಾಯಿಲಿನಿಂದ ನೇರವಾಗಿ ಎಸಿ ಬರುತ್ತದೆ. ಐಡ್ಲಿಂಗ್‌ನಲ್ಲಿ ಮಂಕು, ರೇಸ್ ಕೊಟ್ಟರೆ ಜೋರು, ಅದು ಸಹಜ. ಎಲ್‌ಇಡಿ ಹಾಕಿದರೆ ಬ್ಯಾಟರಿಗೆ ಏನೂ ಉಳಿತಾಯವಾಗುವುದಿಲ್ಲ, ಬೆಳಕು ಮಿಟುಕಲು ಶುರುವಾಗುತ್ತದೆ.

ಬ್ಯಾಟರಿಗೆ ಚಾರ್ಜಿಂಗ್ ಕಾಯಿಲ್ ಬೇರೆ. ಆದರೆ ಎರಡು ಕಾಯಿಲೂ ಒಂದೇ ಆರ್‌ಆರ್ (ರೆಗ್ಯುಲೇಟರ್ ರೆಕ್ಟಿಫೈಯರ್) ಯೂನಿಟ್‌ಗೆ ಬಂದು ಸೇರುತ್ತವೆ. ಅದು ಎರಡು ಕೆಲಸ ಮಾಡುತ್ತದೆ. ಒಂದು ಕಡೆಯ ಎಸಿಯನ್ನು ಡಿಸಿ ಮಾಡಿ ಬ್ಯಾಟರಿಗೆ ಕೊಡುತ್ತದೆ. ಇನ್ನೊಂದು ಕಡೆ ಲೈಟಿನ ವೋಲ್ಟೇಜ್ ಮಿತಿ ಮೀರಿದಾಗ ಹೆಚ್ಚಾದದ್ದನ್ನು ಅರ್ತಿಗೆ ಇಳಿಸುತ್ತದೆ. ಅರ್ತ್ ಸರಿಯಿಲ್ಲದಿದ್ದರೆ ಇಳಿಯುವುದಕ್ಕೆ ದಾರಿಯಿಲ್ಲ, ಅದೆಲ್ಲಾ ಬಲ್ಬಿಗೆ ಹೋಗುತ್ತದೆ. ಬ್ಯಾಟರಿ ಎಷ್ಟಿದೆ ಅಂತ ಅಳೆಯುವುದಕ್ಕೂ ಯೂನಿಟ್‌ಗೆ ಅದೇ ಅರ್ತ್ ಬೇಕು, ಇಲ್ಲದಿದ್ದರೆ ಅದು ಸರಿಯಾಗಿ ಚಾರ್ಜ್ ಕೊಡುವುದಿಲ್ಲ. ಹಾಗಾಗಿ ನಿಮ್ಮ ಎರಡು ರೋಗಕ್ಕೂ ಬೇರು ಒಂದೇ ಅಂತ ನನ್ನ ಲೆಕ್ಕ. ಯೂನಿಟ್, ಇಲ್ಲವೇ ಅದರ ಅರ್ತ್. ಕಾಯಿಲ್ ಪ್ಲೇಟ್ ಬಿಚ್ಚಿಸಬೇಡಿ, ಲೈಟಿಂಗ್ ಕಾಯಿಲ್ ಸತ್ತಿದ್ದರೆ ಬಲ್ಬ್ ಸುಡುತ್ತಿರಲಿಲ್ಲ ಅಲ್ವಾ?

ಅನೇಕ ಗಾಡಿಗಳಲ್ಲಿ ಬಿಳಿ ಚಾರ್ಜಿಂಗ್, ಹಳದಿ ಲೈಟಿಂಗ್, ಕೆಂಪು ಬ್ಯಾಟರಿ, ಹಸಿರು ಅರ್ತ್. ನಿಮ್ಮದರಲ್ಲಿ ಬಣ್ಣ ಬೇರೆ ಇರಬಹುದು, ವೈರಿಂಗ್ ನಕ್ಷೆ ನೋಡಿಕೊಳ್ಳಿ. ಕಪ್ಲರ್ (ಯೂನಿಟ್‌ಗೆ ವೈರ್‌ಗಳು ಸೇರುವ ಪ್ಲಾಸ್ಟಿಕ್ ಪ್ಲಗ್) ಹಾಕಿಯೇ ಇರಲಿ. ಯೂನಿಟ್‌ನ ಅರ್ತ್ ಪಿನ್ನಿನಿಂದ ಬ್ಯಾಟರಿ ಮೈನಸ್‌ಗೆ ಒಂದು ದಪ್ಪ ವೈರ್ ತಾತ್ಕಾಲಿಕವಾಗಿ ಎಳೆಯಿರಿ. ವೈರ್ ಇದ್ದಾಗ, ಇಲ್ಲದಾಗ ಎರಡು ಸಲ ಅಳೆಯಿರಿ. ಸ್ವಲ್ಪ ರೇಸ್‌ನಲ್ಲಿ ಬ್ಯಾಟರಿ 13.5ರಿಂದ 14.5ರ ಒಳಗೆ ಬರಬೇಕು. ಒಂದೇ ಎಚ್ಚರಿಕೆ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಟರ್ಮಿನಲ್ ತೆಗೆದು ಪರೀಕ್ಷೆ ಮಾಡುವವರಿದ್ದಾರೆ. ಅದನ್ನು ಮಾತ್ರ ಮಾಡಬೇಡಿ. ಚೆನ್ನಾಗಿರುವ ಯೂನಿಟ್ಟೂ ಹಾಳಾಗಬಹುದು.

ಪ್ರಶ್ನೆ ಕೇಳಿದವರು

ಅಣ್ಣ, ಅರ್ತ್ ನಾನು ಆಗಲೇ ನೋಡಿದ್ದೆ. ಕಂಟಿನ್ಯುಟಿಯಲ್ಲಿ (ವೈರ್ ತುಂಡಾಗಿದೆಯಾ ಅಂತ ನೋಡುವ ಸೆಟ್ಟಿಂಗ್) ಮೀಟರ್ ಬೀಪ್ ಅನ್ನುತ್ತದೆ. ಆದರೂ ನೀವು ಹೇಳಿದ ಹಾಗೆ ಮಾಡುತ್ತೇನೆ.

ಉತ್ತರ 2

ಬೀಪ್ ನಂಬಬೇಡಿ. ತಾಮ್ರದ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಅದು ಕಳಿಸುವುದು ತೀರಾ ಸಣ್ಣ ಕರೆಂಟ್. ನಿಜವಾದ ಲೋಡ್ ಬಿದ್ದಾಗ ಆ ಎಳೆ ತಡೆಯುವುದಿಲ್ಲ.

ಪ್ರಶ್ನೆ ಕೇಳಿದವರು

ಸಿಕ್ಕಿತು! ವೈರ್ ಇಲ್ಲದಾಗ ಬ್ಯಾಟರಿ 12.6, ಹಳದಿ ವೈರಿನಲ್ಲಿ 19 ವೋಲ್ಟ್ ಎಸಿ. ವೈರ್ ಎಳೆದ ತಕ್ಷಣ ಬ್ಯಾಟರಿ 14.2ಕ್ಕೆ ಏರಿತು, ಹಳದಿ 13ಕ್ಕೆ ಇಳಿಯಿತು. ಮೀಟರ್ ನೋಡುತ್ತಾ ಎರಡು ಮೂರು ಸಲ ತೆಗೆದು ಹಾಕಿದೆ, ಖುಷಿ ತಡೆಯಲಾಗಲಿಲ್ಲ.

ಆಮೇಲೆ ಕಪ್ಲರ್ ಬಿಚ್ಚಿದೆ. ಮೂರು ಪಿನ್ ಚೆನ್ನಾಗಿವೆ. ಹಸಿರು ವೈರಿನ ಪಿನ್ ಮಾತ್ರ ಕಂದು ಬಣ್ಣ, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಾದು ಹಳದಿಯಾಗಿ ಒಂದು ಮೂಲೆ ಕರಗಿದೆ. ವೈರನ್ನು ಮೆಲ್ಲಗೆ ಎಳೆದರೆ ಕೈಗೇ ಬಂತು. ಸಿಪ್ಪೆ ಸುಲಿದು ನೋಡಿದೆ. ಬೆರಳಿನ ಅರ್ಧದಷ್ಟು ಉದ್ದ ತಾಮ್ರ ಕಪ್ಪಗಾಗಿದೆ, ಎರಡೇ ಎಳೆ ಪಿನ್ನಿಗೆ ಹಿಡಿದುಕೊಂಡಿದ್ದವು. ಕಪ್ಪಾದಷ್ಟನ್ನು ಕತ್ತರಿಸಿ ಹೊಸ ಪಿನ್ ಹಾಕಿದೆ. ಚಾಸಿಗೆ ಹೋಗುವ ಅರ್ತ್ ಬೋಲ್ಟ್‌ನ ತುಕ್ಕನ್ನೂ ಉಪ್ಪುಕಾಗದದಲ್ಲಿ ಉಜ್ಜಿದೆ. ಈಗ ತಾತ್ಕಾಲಿಕ ವೈರ್ ಇಲ್ಲದೆಯೇ 14.1 ಬರುತ್ತಿದೆ. 35 ವಾಟಿನ ಹೊಸ ಬಲ್ಬ್ ಹಾಕಿದ್ದೇನೆ. ಬಹಳ ಉಪಕಾರವಾಯಿತು ಅಣ್ಣ. ಪೂರ್ತಿ ವೈರಿಂಗ್ ಬದಲಿಸಲು ಹೊರಟಿದ್ದೆ.

ಉತ್ತರ 3

ಒಂದು ಮಾತು ಸೇರಿಸುತ್ತೇನೆ. ನಾಲ್ಕು ತಿಂಗಳು ಮೇಲಿಂದ ಮೇಲೆ ಡೌನ್ ಆದ ಬ್ಯಾಟರಿ ಅದು. ಹೊರಗೆ ತೆಗೆದು ನಿಧಾನವಾಗಿ ಒಮ್ಮೆ ಪೂರ್ತಿ ಚಾರ್ಜ್ ಮಾಡಿ, 5 ಆಂಪಿಯರ್ ಅವರ್ ಆದರೆ ಅರ್ಧ ಆಂಪಿಯರ್ ಸಾಕು. ಎರಡು ದಿನ ಗಾಡಿಗೆ ಹಾಕದೆ ಇಟ್ಟು ಅಳೆಯಿರಿ. 12.6ರ ಆಸುಪಾಸು ನಿಂತರೆ ಅದನ್ನೇ ಓಡಿಸಿ. 12.3ಕ್ಕೆ ಇಳಿದರೆ ಅದರ ಜೀವ ಹೋಗಿದೆ ಅಂತ ತಿಳಿದುಕೊಳ್ಳಿ, ಗಾಡಿಯ ತಪ್ಪಲ್ಲ.