ಓಲ್ಡ್ ಗೋವಾದಲ್ಲಿ ಚರ್ಚ್ ಇದೆ, ಊರೇ ಇಲ್ವಲ್ಲ?

ಪ್ರಶ್ನೆ:
ಹೋದ ವಾರ ಮನೆಯವರ ಜೊತೆ ಗೋವಾಗೆ ಹೋಗಿದ್ವಿ, ಒಂದಿನ ಬೀಚ್ ಬಿಟ್ಟು ಪಣಜಿಯಿಂದ ಬಸ್ ಹತ್ತಿ ಓಲ್ಡ್ ಗೋವಾ ನೋಡ್ಕೊಂಡು ಬಂದ್ವಿ. ಬಾಮ್ ಜೀಸಸ್, ಸೇ ಕ್ಯಾಥೆಡ್ರಲ್, ಅಬ್ಬಾ ಎಷ್ಟು ದೊಡ್ಡವು! ಆದ್ರೆ ಸುತ್ತ ಹಳೇ ಬೀದಿ ಇಲ್ಲ, ಮನೆ ಇಲ್ಲ, ಬರೀ ಹುಲ್ಲು, ತೆಂಗಿನಮರ. ಪೋರ್ಚುಗೀಸರ ರಾಜಧಾನಿ ಅಂತಾರೆ, ಆ ಜನ ಎಲ್ಲಾ ಎಲ್ಲಿ ಹೋದ್ರು? ಯಾರಾದ್ರೂ ಸುಟ್ಟುಹಾಕಿದ್ರಾ?

ಉತ್ತರ 1:
ಸುಟ್ಟಿದ್ದಲ್ಲ ಸರ್, ಕಾಯಿಲೆ. ಅಲ್ಲಿ ನೆಲ ಚಿರೆಕಲ್ಲು, ನೀರು ಸಲೀಸಾಗಿ ಇಂಗುತ್ತೆ, ಜನ ಜಾಸ್ತಿ ಆದಂಗೆ ಕೊಳಚೆ ಎಲ್ಲಾ ಬಾವಿಗೇ ಇಳೀತು. ಕಾಲರಾ, ಮಲೇರಿಯಾ ಬಂದು ಬಂದು ಊರು ಖಾಲಿ ಆಯ್ತು. 1759ರಲ್ಲಿ ವೈಸರಾಯೇ ಪಣಜಿ ಕಡೆಗೆ ಮನೆ ಬದಲಾಯಿಸಿದ, 1843ರಲ್ಲಿ ಪಣಜಿನೇ ರಾಜಧಾನಿ ಆಯ್ತು. ಹಳೇ ಕಟ್ಟಡ ಕೆಡವಿ ಕಲ್ಲನ್ನೂ ಅಲ್ಲಿಗೇ ಸಾಗಿಸಿದ್ರು. ಪೋರ್ಚುಗೀಸರಿಗಿಂತ ಮುಂಚೆ ಊರು ಆಳ್ತಿದ್ದ ಬಿಜಾಪುರದ ಆದಿಲ್ ಶಾಹಿಗಳ ಅರಮನೆದು ಈಗ ಉಳಿದಿರೋದು ಒಂದು ಬಾಗಿಲುವಾಡ ಅಷ್ಟೇ, ಕಪ್ಪು ಕಲ್ಲಿಂದು, ಸೇಂಟ್ ಕೆಜೆಟನ್ ಚರ್ಚ್ ಹತ್ರ ಮೆಟ್ಟಿಲ ಮೇಲೆ ಒಂಟಿಯಾಗಿ ನಿಂತಿದೆ. ಮುಂದಿನ ಸಲ ತಪ್ಪದೆ ನೋಡಿ, ಬಿಜಾಪುರದ ನೆನಪು ಅಲ್ಲಿ ಉಳಿದಿರೋದು ಅಷ್ಟೇ.

ಉತ್ತರ 2:
ನಮ್ದು ಹೊನ್ನಾವರ, ಅದಕ್ಕೇ ಇದನ್ನ ಹೇಳಲೇಬೇಕು. ಪೋರ್ಚುಗೀಸರ ದಂಡನಾಯಕ ಅಲ್ಬುಕರ್ಕ್‌ಗೆ "ಗೋವಾ ಹಿಡಿ, ಇದೇ ಸಮಯ" ಅಂತ ದಾರಿ ತೋರ್ಸಿದ್ದು ನಮ್ಮ ಕಡೆಯ ತಿಮ್ಮಯ್ಯ, ಪೋರ್ಚುಗೀಸರು ತಿಮೋಜ ಅಂತ ಬರೀತಾರೆ. 1510ರ ಶುರುನಲ್ಲಿ ಸುಲಭಕ್ಕೆ ಸಿಕ್ತು, ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಬಂದು ಓಡಿಸ್ತು, ಮಳೆಗಾಲ ಅಲ್ವಾ, ಹಡಗು ಸಮುದ್ರಕ್ಕೆ ಇಳಿಯೋಕಾಗ್ದೆ ಮಾಂಡೋವಿ ನದಿಯಲ್ಲೇ ಸಿಕ್ಕಾಕೊಂಡು ಊಟಕ್ಕೂ ಗತಿ ಇಲ್ದೆ ಒದ್ದಾಡಿದ್ರು. ಆಮೇಲೆ ನವೆಂಬರ್ 25ಕ್ಕೆ ಮತ್ತೆ ಹಿಡಿದ್ರು, ಅಲ್ಲಿದ್ದ ಮುಸ್ಲಿಮರನ್ನ ಕೊಂದುಹಾಕಿದ್ರು. ಅದನ್ನ ಓದಿದಾಗೆಲ್ಲ ತಿಮ್ಮಯ್ಯನ ಬಗ್ಗೆ ಹೆಮ್ಮೆ ಪಡೋಕೆ ನನ್ನ ಕೈಲಿ ಆಗಲ್ಲ.

ಉತ್ತರ 3:
ಕಾಯಿಲೆ ಒಂದೇ ಅಲ್ಲ, ವ್ಯಾಪಾರನೂ ಬಿತ್ತು. ಅರಬ್ಬಿ ಕುದುರೆ ಗೋವಾದಲ್ಲಿಳಿದು ವಿಜಯನಗರಕ್ಕೆ ಹೋಗ್ತಿತ್ತು, 1565ರಲ್ಲಿ ಆ ರಾಜಧಾನಿ ಹಾಳಾದ್ಮೇಲೆ ಅಷ್ಟು ದೊಡ್ಡ ಗಿರಾಕಿನೇ ಇಲ್ಲ. ಆಮೇಲೆ ಡಚ್ಚರು ಬಂದು ಬಂದರಿಗೇ ಅಡ್ಡ ನಿಂತ್ರು. ಸೇಂಟ್ ಅಗಸ್ಟಿನ್ ಚರ್ಚಿನ ಗೋಪುರ ನೋಡಿದ್ರಾ? 1835ರಲ್ಲಿ ಪೋರ್ಚುಗೀಸ್ ಸರ್ಕಾರ ಅಲ್ಲಿದ್ದ ಸನ್ಯಾಸಿಗಳನ್ನ ಹೊರಗೆ ಹಾಕಿತು, 1842ರಲ್ಲಿ ಚರ್ಚಿನ ಚಾವಣಿ ಕುಸೀತು, ಈಗ 46 ಮೀಟರಿನ ಗೋಪುರದಲ್ಲಿ ಅರ್ಧ ಇದೆ. ಅದರ ಗಂಟೆ ಈಗ ಪಣಜಿಯ ಆ ಬಿಳಿ ಚರ್ಚ್‌ನಲ್ಲಿದೆ, ಎದುರುಗಡೆ ಅಂಕುಡೊಂಕು ಮೆಟ್ಟಿಲಿದೆಯಲ್ಲ, ಅದೇ.

ಪ್ರಶ್ನೆ ಕೇಳಿದವರು:
ಅಯ್ಯೋ, ನಮ್ಮ ಲಾಡ್ಜ್ ಅದರ ಹಿಂದಿನ ಬೀದಿಲೇ ಇದ್ದಿದ್ದು! ಆ ಮೆಟ್ಟಿಲ ಮೇಲೆ ಕೂತು ಮಗಳ ಫೋಟೋ ತೆಗ್ದಿದೀವಿ, ಈಗ ತೆಗ್ದು ನೋಡಿದೆ, ಮೇಲೆ ಗಂಟೆ ಕಾಣ್ತಿದೆ.