ಬಯಲಾಟ ಲೈವ್ ಕೊಟ್ಟರೆ ಆಟಕ್ಕೆ ಪೆಟ್ಟೇ? ಏನೆಲ್ಲ ನೋಡಿಕೊಳ್ಳಬೇಕು?

ಪ್ರಶ್ನೆ (ಬದಿಯಡ್ಕ, ಕಾಸರಗೋಡು):
ಊರಿನ ಬಯಲಾಟವನ್ನು, ಅಂದರೆ ಬಯಲಿನಲ್ಲಿ ಆಡುವ ಯಕ್ಷಗಾನವನ್ನು, ಈ ಸಲ ಯೂಟ್ಯೂಬಿನಲ್ಲಿ ಲೈವ್ ಕೊಡಬೇಕೆಂದು ಸಮಿತಿಯ ಆಲೋಚನೆ. ಗಲ್ಫಿನಲ್ಲಿರುವವರು ಕೇಳುತ್ತಿದ್ದಾರೆ. ಹಿರಿಯರ ಆಕ್ಷೇಪವೂ ತೂಕದ್ದೇ: ಮಕ್ಕಳು ಮೊಬೈಲಿನಲ್ಲಿ ನೋಡುವುದು ಧೀಂಗಿಣದ (ಗಿರಕಿ ಹೊಡೆಯುವ ಕುಣಿತದ) ತುಣುಕು ಮಾತ್ರ, ಅರ್ಥಗಾರಿಕೆ (ಪದ್ಯದ ಅರ್ಥವನ್ನು ವೇಷಧಾರಿ ಮಾತಿನಲ್ಲಿ ಬೆಳೆಸುವುದು) ಯಾರಿಗೂ ಬೇಡವಾಗುತ್ತಿದೆ. ತಿಳಿದವರು ಹೇಳಿ.

ಉತ್ತರ 1:
ಲೈವ್ ಧಾರಾಳವಾಗಿ ಕೊಡಿ. ಎಚ್ಚರ ಬೇಕಾದದ್ದು ಆಮೇಲೆ ತುಣುಕು ಮಾಡುವಾಗ. ಯೂಟ್ಯೂಬ್ ಶಾರ್ಟ್ಸ್‌ಗೆ 3 ನಿಮಿಷದ ಮಿತಿ, ಚೌಕಟ್ಟು ನೀಟಕ್ಕೆ 9:16. ಅದರಲ್ಲಿ ವೇಷವೊಂದೇ ಹಿಡಿಯುತ್ತದೆ. ಪದ ಹಾಡುವ ಭಾಗವತರು, ಚೆಂಡೆ, ಮದ್ದಳೆ, ಅಂದರೆ ಹಿಮ್ಮೇಳ ಎಲ್ಲ ಹೊರಗೆ. ಪದಕ್ಕೂ ಹೆಜ್ಜೆಗೂ ಇರುವ ಸಂಬಂಧ ಕಾಣದಿದ್ದರೆ ಮಗುವಿನ ಕಣ್ಣಿಗೆ ಅದು ಎಲ್ಲಿಯದೋ ಒಂದು ಕುಣಿತ, ಅಷ್ಟೆ. ಹಾಗಾಗಿ ಒಂದು ಕ್ಯಾಮೆರಾ ಹಿಮ್ಮೇಳ ಸಮೇತ ಇಡೀ ರಂಗಸ್ಥಳವನ್ನು ಅಡ್ಡಕ್ಕೆ ಹಿಡಿದು ಕದಲದೆ ನಿಂತಿರಲಿ. ತುಣುಕು ಹಾಕುವುದಾದರೆ ಪದ್ಯ ಮತ್ತು ಅದರ ಅರ್ಥ ಎರಡೂ ಇರಲಿ. 3 ನಿಮಿಷದಲ್ಲಿ ಮುಗಿಯದಿದ್ದರೆ ಶಾರ್ಟ್ಸ್ ಆಸೆ ಬಿಟ್ಟು ಮಾಮೂಲಿ ವಿಡಿಯೋ ಆಗಿಯೇ ಹಾಕಿ. ಅರ್ಥ ಕತ್ತರಿಸಿದ ಯಕ್ಷಗಾನಕ್ಕೆ ಸಾವಿರ ಲೈಕ್ ಬಂದರೂ ನಮಗೆ ನಷ್ಟವೇ.

ಉತ್ತರ 2:
ಹೆಚ್ಚಿನ ಲೈವ್‌ಗಳು ಸೋಲುವುದು ಧ್ವನಿಯಲ್ಲಿ. ಮೊಬೈಲ್ ಮತ್ತು ಆ್ಯಪ್‌ಗಳ ‘ನಾಯ್ಸ್ ಸಪ್ರೆಶನ್’ ಮಾಡಿದ್ದು ಮಾತಿಗೋಸ್ಕರ. ಒಂದೇ ಸಮ ಕೇಳುವ ಶ್ರುತಿಯನ್ನು ಅದು ಫ್ಯಾನಿನ ಸದ್ದೆಂದು ಅಳಿಸಿಬಿಡುತ್ತದೆ. ಆಫ್ ಮಾಡಿ. ಧ್ವನಿಯ ಮಟ್ಟವನ್ನು ತಾನಾಗಿ ಏರಿಸಿ ಇಳಿಸುವ ಆಟೋ ಗೈನ್ ಕೂಡ ಬೇಡ: ಚೆಂಡೆಗೆ ಪೆಟ್ಟು ಬಿದ್ದ ಕೂಡಲೇ ಅದು ಇಡೀ ಮಟ್ಟ ಇಳಿಸಿ ಭಾಗವತರ ಸ್ವರ ಮುಳುಗಿಸುತ್ತದೆ. ಮೈಕಿನವರ ಮಿಕ್ಸರಿನಿಂದ ಲೈನ್ ತೆಗೆದುಕೊಳ್ಳಿ. ಚೆಂಡೆಗೆ ಬೇರೆ ಮೈಕ್ ಇಲ್ಲದಿದ್ದರೆ ಲೈನಿನಲ್ಲಿ ಅದು ದೂರದಲ್ಲೆಲ್ಲೋ ಕೇಳಿದಂತಿರುತ್ತದೆ; ರಂಗಸ್ಥಳದ ಎದುರು ಇನ್ನೊಂದು ಮೈಕ್ ಇಟ್ಟು ಎರಡನ್ನೂ ಬೆರೆಸಿ. ಅತಿ ಜೋರಿನ ಪೆಟ್ಟೂ ಧ್ವನಿಯ ಮೀಟರಿನಲ್ಲಿ -6 ಡಿಬಿ ದಾಟಬಾರದು.

4 ಎಂಬಿಪಿಎಸ್‌ನಲ್ಲಿ ಕಳಿಸಿದರೆ 8 ಗಂಟೆಯ ಆಟಕ್ಕೆ ಸುಮಾರು 14.4 ಜಿಬಿ ಡೇಟಾ ಬೇಕು. ಅಪ್‌ಲೋಡ್ ವೇಗ ಅದರ ಎರಡು ಪಟ್ಟಾದರೂ ಇರಲಿ. ಕ್ಯಾಮೆರಾದ ಕಾರ್ಡಿನಲ್ಲೂ ದಾಖಲಾಗಲಿ, ಆದರೆ ಕೆಲವು ಹಳೆಯ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ತಾವಾಗಿ ನಿಲ್ಲುತ್ತವೆ. ಸಂವಾದದ ನಡುವೆ ನಿಂತರೆ ಆ ಮಾತು ಹೋಯಿತು. ಅದಕ್ಕೆ ಮೊದಲೇ, ವೇಷ ಒಳಗೆ ಹೋದಾಗ, ರೆಕಾರ್ಡಿಂಗ್ ನಿಲ್ಲಿಸಿ ಮತ್ತೆ ಶುರುಮಾಡಿ.

ಉತ್ತರ 3:
ಆಟಕ್ಕೆ ಮೊದಲು ಮೈಕಿನಲ್ಲಿ ಹಾಕುವ ಸಿನಿಮಾ ಹಾಡು, ಭಕ್ತಿಗೀತೆ ಲೈವಿನಲ್ಲಿ ಸೇರಬಾರದು. ಕಾಪಿರೈಟ್ ಕ್ಲೇಮ್ ಬರುತ್ತದೆ, ಲೈವ್ ನಿಂತರೂ ನಿಂತೀತು. ಕ್ಲೇಮ್ ತಪ್ಪೆಂದು ನೀವು ತಕರಾರು ಹಾಕಿದರೆ ಉತ್ತರಿಸಲು ಎದುರಿನವರಿಗೆ 30 ದಿನ ಇರುತ್ತದೆ.

ವಿಡಿಯೋ 12 ಗಂಟೆಯೊಳಗಿದ್ದರೆ ಚಾನೆಲ್‌ನಲ್ಲಿ ತಾನಾಗಿ ಉಳಿಯುತ್ತದೆ. ಅದನ್ನು ಹಾಗೇ ಬಿಡಬೇಡಿ. ವಿವರಣೆಯಲ್ಲಿ ಸಮಯ ಹಾಕಿ ಅಧ್ಯಾಯ ಮಾಡಿ: ಪೂರ್ವರಂಗ (ಕಥೆಗೆ ಮೊದಲಿನ ಭಾಗ), ಒಡ್ಡೋಲಗ (ವೇಷಗಳ ವೈಭವದ ಪ್ರವೇಶ), ಪ್ರತಿ ಮುಖ್ಯ ಪದ್ಯ. ಮೊದಲ ಸಾಲು 00:00 ಆಗಿರಬೇಕು, ಕನಿಷ್ಠ 3 ಅಧ್ಯಾಯ, ಒಂದೊಂದೂ 10 ಸೆಕೆಂಡಿಗೆ ಕಡಿಮೆಯಾಗಬಾರದು. ಜೊತೆಗೆ ಪ್ರಸಂಗ (ಆಡುವ ಕಥೆ), ಪದ್ಯದ ಮೊದಲ ಸಾಲು, ರಾಗ, ತಾಳ, ಕಲಾವಿದರ ಹೆಸರು. ಮಲಯಾಳ ಮಾಧ್ಯಮದಲ್ಲಿ ಓದುವ ನಮ್ಮ ಮಕ್ಕಳಿಗಾಗಿ ಕಥೆಯ ಸಾರ ಮಲಯಾಳದಲ್ಲೂ ನಾಲ್ಕು ಸಾಲು ಬರೆಯಿರಿ. ಅವರನ್ನು ಕೈಬಿಟ್ಟರೆ ಲೈವ್ ಯಾರಿಗಾಗಿ?

ಉತ್ತರ 4:
ಆಟ ನಿಗದಿ ಮಾಡುವಾಗಲೇ ಮೇಳದವರ ಒಪ್ಪಿಗೆ ಕೇಳಿ. ಲೈವಿಗೂ, ಆಮೇಲಿನ ತುಣುಕುಗಳಿಗೂ. ವೇಷ ಕಟ್ಟುವ ಚೌಕಿಯೊಳಗೆ ಕ್ಯಾಮೆರಾ ಬೇಡ. ಇನ್ನು, ದೈವಗಳ ಕೋಲ, ತೆಯ್ಯಂಗೆ ಈ ಲೆಕ್ಕವೇ ಅನ್ವಯಿಸುವುದಿಲ್ಲ. ಅದು ಆರಾಧನೆ. ಅಲ್ಲಿ ತರವಾಡಿನವರು (ಮೂಲ ಮನೆತನದವರು), ದೈವಸ್ಥಾನದವರು ಬೇಡವೆಂದರೆ ಮೊಬೈಲ್ ಕಿಸೆಯಲ್ಲೇ ಇರಲಿ.